ಬಾಗುವ ಊರಿನಲ್ಲಿ ಬಗ್ಗದ ಸೊಂಟ

ನನ್ನ ಸೊಂಟ ಬಗ್ಗುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಯಿತು. ಕೈತಪ್ಪಿ ಬಿದ್ದದ್ದು ಐದು ರೂಪಾಯಿಯಾದರೆ ಭೂಮಿತಾಯಿಗೆ ಕಾಣಿಕೆ ಎಂದುಕೊಂಡು ಮುಂದೆ ಹೋಗುತ್ತೇನೆ. ಹತ್ತು ರೂಪಾಯಿಯಾದರೆ ಹೆಂಡತಿಯನ್ನು ಕೂಗುತ್ತೇನೆ. ದೇವಸ್ಥಾನದಲ್ಲಿ ಸಾಷ್ಟಾಂಗ ಬಿಟ್ಟು, ನಿಂತಲ್ಲೇ ಕೆನ್ನೆ ತಟ್ಟಿಕೊಳ್ಳುವುದೆಂದು ದೇವರ ಜೊತೆ ರಾಜಿಯಾಗಿದೆ. ಇಂಥವನನ್ನು ಒಸಾಕಾದಲ್ಲಿ ಕೆಲಸಕ್ಕಿರುವ ಮಗ ಜಪಾನಿಗೆ ಕರೆಸಿಕೊಂಡ. ಅದೂ ಮಾರ್ಚ್ ಮೊದಲ ವಾರದಲ್ಲಿ.

"ಚೆರ್ರಿ ಹೂವು ಬಿಡೋದು ಯಾವಾಗಪ್ಪಾ?" ಎಂದು ಫೋನಿನಲ್ಲಿ ಕೇಳಿದ್ದೆ.

"ತಿಂಗಳ ಕೊನೆಗೆ."

"ಹಾಗಾದ್ರೆ ಆಗಲೇ ಬರ್ತೀವಿ."

"ಆಗಿನ ರೂಮ್ ಬಾಡಿಗೆ ಕೇಳಿದ್ರೆ ನಿನಗೆ ಹೂವು ನೋಡೋ ಆಸೆಯೇ ಹೊರಟುಹೋಗುತ್ತೆ ಅಪ್ಪ. ಚಳೀಲೇ ಬಾ."

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ನಮ್ಮ ಕಡೆ ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಹೊರಟುಹೋಗುತ್ತದೆ. ಮಗ ನಮ್ಮನ್ನು ಕಳಿಸಿದ ನಾರಾ ಊರಿನ ಚಳಿಗೆ ಶಿವನ ಪರಿಚಯವಿಲ್ಲ. ಅಲ್ಲಿ 'ಒಮಿಜುತೊರಿ' ಎಂಬ ಆಚರಣೆ ಮುಗಿಯುವ ತನಕ ವಸಂತ ಬರುವುದಿಲ್ಲ ಎನ್ನುತ್ತಾರೆ. ಅದು ಮುಗಿಯುವುದು ಮಾರ್ಚ್ 14ಕ್ಕೆ. ನಾವು ಹೋಗಿದ್ದು ಅದಕ್ಕೂ ಮುಂಚೆ. ಅಂದರೆ ಚಳಿಗೆ ಇನ್ನೂ ರಜೆ ಮಂಜೂರಾಗಿರಲಿಲ್ಲ. ಮಗ ತನ್ನ ದುಬಾರಿ ಜಾಕೆಟ್ಟನ್ನು ನನಗೆ ತೊಡಿಸಿ, ಸೊಂಟಕ್ಕೆ 'ಕೈರೊ' ಎಂಬ ಪಟ್ಟಿಯೊಂದನ್ನು ಅಂಟಿಸಿದ. ಅದರೊಳಗೆ ಕಬ್ಬಿಣದ ಪುಡಿ ಇರುತ್ತದೆ. ಗಾಳಿ ಸೋಕಿದ ಕೂಡಲೇ ತುಕ್ಕು ಹಿಡಿಯುತ್ತ ಬಿಸಿಯಾಗುತ್ತದೆ. ತುಕ್ಕು ಹಿಡಿದ ಸೊಂಟಕ್ಕೆ ತುಕ್ಕಿನದೇ ಶಾಖ. ಆಮೇಲೆ ಒಂದು ಕಾಗದದಲ್ಲಿ ನಮ್ಮ ಕಾರ್ಯಕ್ರಮವನ್ನೆಲ್ಲ ಗಂಟೆಗಂಟೆಗೆ ಬರೆದುಕೊಟ್ಟು, ತಾನು ಆಫೀಸಿಗೆ ಹೋದ. ಒಸಾಕಾದ ನಂಬಾದಿಂದ ನಾರಾಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ.

710ರಿಂದ 784ರವರೆಗೆ ನಾರಾ ಜಪಾನಿನ ರಾಜಧಾನಿ. ನಮ್ಮ ಬಾದಾಮಿ ಚಾಲುಕ್ಯರು ಪಟ್ಟದಕಲ್ಲಿನಲ್ಲಿ ಕಲ್ಲು ಕೆತ್ತಿಸುತ್ತಿದ್ದ ಕಾಲ. ಆಮೇಲೆ ರಾಜಧಾನಿ ಬೇರೆ ಕಡೆ ಹೋಯಿತು, ಬುದ್ಧ ಮತ್ತು ಜಿಂಕೆಗಳು ಇಲ್ಲೇ ಉಳಿದರು.

ನಾವು ಉಳಿದದ್ದು ಹಳೇ ಪದ್ಧತಿಯ ಛತ್ರದಂಥ ಒಂದು ವಸತಿಯಲ್ಲಿ. ಬಾಗಿಲು ಸರಿಸುತ್ತಲೇ ಒಡತಿ ಮಂಡಿಯೂರಿ ಕೂತು ಹಣೆ ಚಾಪೆಗೆ ತಾಗುವಷ್ಟು ಬಗ್ಗಿದರು. ನಾನು ಬಗ್ಗಲಾಗದೆ ಕೈ ಮುಗಿದೆ. ತನ್ನ ನಮಸ್ಕಾರ ಸಾಲಲಿಲ್ಲವೇನೋ ಎಂದು ಆಕೆ ಇನ್ನೊಮ್ಮೆ ಬಗ್ಗಿದರು. ನಾನು ಕತ್ತಾದರೂ ಬಗ್ಗಿಸೋಣವೆಂದು ಬಗ್ಗಿಸಿದೆ. ಮೂರನೇ ಸಲವೂ ಆಯಿತು. "ರೀ, ಒಳಗೆ ನಡೀರಿ, ಪಾಪ ಅವರಿಗೂ ವಯಸ್ಸಾಗಿದೆ" ಎಂದು ಹೆಂಡತಿ ನನ್ನನ್ನು ತಳ್ಳದಿದ್ದರೆ ಇವತ್ತಿಗೂ ನಾವಿಬ್ಬರೂ ಅಲ್ಲೇ ಇರುತ್ತಿದ್ದೆವು. ಹಾಸಿಗೆ ನೆಲದ ಮೇಲೆ. ಬೆಳಗ್ಗೆ ಅದರಿಂದ ಎದ್ದು ನಿಲ್ಲಲು ನನಗೆ ಗೋಡೆ, ಹೆಂಡತಿ, ದೈವ ಮೂರೂ ಬೇಕಾದವು.

ಬೆಳಗಿನ ತಿಂಡಿ ಎಂದು ಬಂದದ್ದು ಗಂಜಿ. ನೀರಿನ ಬದಲು ಹುರಿದ ಚಹಾದ ಡಿಕಾಕ್ಷನ್ನಿನಲ್ಲಿ ಬೇಯಿಸಿದ ಗಂಜಿ, ಹೆಸರು 'ಚಾಗಾಯು', ನಾರಾದ ಹೆಮ್ಮೆ. ಇಷ್ಟು ದೂರ ವಿಮಾನದಲ್ಲಿ ಬಂದು ಜ್ವರದವರ ಊಟ ಮಾಡಬೇಕಾಯಿತಲ್ಲ ಎಂದು ಮೊದಲ ಗುಟುಕಿಗೆ ಅನ್ನಿಸಿತು. ಮೂರನೆಯದಕ್ಕೆ, ಆ ಚಳಿಗೆ ಇದಕ್ಕಿಂತ ಒಳ್ಳೆಯದು ಇರಲಾರದು ಎನ್ನಿಸಿತು. ನಂಚಿಕೊಳ್ಳಲು ಕಂದುಬಣ್ಣದ ಉಪ್ಪಿನಕಾಯಿ, ಸೌತೆ ಜಾತಿಯ ಯಾವುದೋ ಕಾಯಿಯದು. ಏಕಾದಶಿ ತಪ್ಪಿಸದ ನನ್ನಾಕೆ "ಏನೋ ಒಂಥರಾ ಘಮ ಇದೆ" ಎಂದು ನಾಲ್ಕು ಹೋಳು ತಿಂದಳು. ಅದು 'ನಾರಾಜುಕೆ', ಅಕ್ಕಿಯ ಮದ್ಯ ಹಿಂಡಿ ಉಳಿದ ಗಸಿಯಲ್ಲಿ ತಿಂಗಳುಗಟ್ಟಲೆ ಹೂತಿಟ್ಟು ಮಾಡುವಂಥದ್ದು. ಈ ವಿಷಯವನ್ನು ನಾನು ರೈಲಿನಲ್ಲೇ ಓದಿಕೊಂಡಿದ್ದೆ. ಆದರೆ ಅವಳ ಮುಖದಲ್ಲಿದ್ದ ತೃಪ್ತಿ ನೋಡಿ ಬಾಯಿ ಬಿಡಲಿಲ್ಲ. ಈ ಪ್ರಬಂಧ ಓದಿಯೇ ಅವಳಿಗೆ ಗೊತ್ತಾಗಬೇಕು.

ಮಗ ಬರೆದುಕೊಟ್ಟ ಪಟ್ಟಿಯ ಪ್ರಕಾರ ಹತ್ತು ಗಂಟೆಗೆ ಜಿಂಕೆ. ಊರ ನಡುವಿನ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಯಾರ ಅಪ್ಪಣೆಯೂ ಇಲ್ಲದೆ ಓಡಾಡಿಕೊಂಡಿವೆ. ಪಕ್ಕದ ಕಸುಗಾ ದೇಗುಲದ ದೇವರು ಬಿಳಿ ಜಿಂಕೆಯೇರಿ ಬಂದನೆಂದು ಕಥೆ, ಹಾಗಾಗಿ ಇವು ದೇವರ ದೂತರು. ಹಿಂದೆ ಜಿಂಕೆ ಕೊಂದವರಿಗೆ ಮರಣದಂಡನೆಯಿತ್ತಂತೆ. ಅದಕ್ಕೇ ನಾರಾದವರು ಬೆಳಗಾಗುವ ಮೊದಲೇ ಏಳುತ್ತಾರೆ ಎಂಬ ಮಾತಿದೆ: ಮನೆ ಮುಂದೆ ಸತ್ತ ಜಿಂಕೆ ಬಿದ್ದಿದ್ದರೆ ಪಕ್ಕದ ಮನೆಯವನು ಏಳುವುದರೊಳಗೆ ಅವನ ಬಾಗಿಲಿಗೆ ಎಳೆದು ಹಾಕಬೇಕಲ್ಲ! ನೆರೆಹೊರೆಯ ವಿಷಯದಲ್ಲಿ ಜಗತ್ತೆಲ್ಲ ಒಂದೇ ಎಂದು ನನಗೆ ಸಮಾಧಾನವಾಯಿತು.

ಜಿಂಕೆಗೆ ಹಾಕಲು ಅಕ್ಕಿ ತೌಡಿನ ಬಿಲ್ಲೆಗಳನ್ನು ಮಾರುತ್ತಾರೆ, ನಾವು ಹೋದಾಗ ಕಟ್ಟಿಗೆ 200 ಯೆನ್ ಇತ್ತು. ಕಟ್ಟಿನ ಸುತ್ತಿನ ಕಾಗದವನ್ನೂ ಜಿಂಕೆ ತಿನ್ನಬಹುದು, ಹಾಗೇ ತಯಾರಿಸಿದ್ದಾರೆ. ಅಲ್ಲೇ ಒಂದು ಫಲಕ. ಅದರಲ್ಲಿ ಜಿಂಕೆ ಕಚ್ಚುವುದು, ಒದೆಯುವುದು, ಹಾಯುವುದು, ಕೆಡವುವುದು, ನಾಲ್ಕು ಚಿತ್ರ. ನಾನು ಅದನ್ನು ಓದಿ ತಿರುಗುವಷ್ಟರಲ್ಲಿ ಒಂದು ಹೆಣ್ಣು ಜಿಂಕೆ ಎದುರು ನಿಂತು ತಲೆಬಾಗಿ ನಮಸ್ಕರಿಸಿತು. ಉತ್ಪ್ರೇಕ್ಷೆಯಲ್ಲ, ಬಗ್ಗಿದರೆ ಬಿಲ್ಲೆ ಸಿಗುತ್ತದೆಂದು ಅವು ಕಲಿತಿವೆ. ಹತ್ತಿರದಿಂದ ನೋಡಿದೆ: ಒದ್ದೆ ಕಪ್ಪು ಮೂಗು, ಚಳಿಗೆ ದಟ್ಟವಾಗಿ ಬೆಳೆದ ಬೂದುಗಂದು ಕೂದಲು, ಮೂಗಿನಿಂದ ಹೊರಡುವ ಹಬೆ, ಮತ್ತು ಸಾಲಗಾರನನ್ನು ಕಂಡ ಬ್ಯಾಂಕ್ ಮ್ಯಾನೇಜರನಂಥ ಕಣ್ಣು. ಒಂದು ಬಿಲ್ಲೆ ಕೊಟ್ಟೆ. ಮತ್ತೆ ಬಗ್ಗಿತು. ಇನ್ನೊಂದು ಕೊಟ್ಟೆ. ಅಷ್ಟರಲ್ಲಿ ಎಂಟು ಬಂದವು. ನಮಸ್ಕಾರ, ನಮಸ್ಕಾರ, ಎಲ್ಲಿ ನೋಡಿದರೂ ನಮಸ್ಕಾರ. ಬಿಲ್ಲೆ ಮುಗಿಯಿತು. ಕೈ ತೆರೆದು ತೋರಿಸಿದೆ. ವಿನಯ ಅಲ್ಲಿಗೆ ಮುಗಿಯಿತು. ಒಂದು ಹಿಂದಿನಿಂದ ತಿವಿಯಿತು, ಇನ್ನೊಂದು ಜಾಕೆಟ್ಟಿನ ಜೇಬಿಗೆ ಮೂತಿ ಹಾಕಿ ಮಗ ಬರೆದುಕೊಟ್ಟ ಕಾರ್ಯಕ್ರಮದ ಪಟ್ಟಿಯನ್ನು ಎಳೆದು, ಕಣ್ಣೆದುರೇ ನುಂಗಿತು. 'ಸಂಜೆ ನಾಲ್ಕಕ್ಕೆ ರೂಮಿಗೆ ವಾಪಸ್, ಹೊರಗೆ ಬರಬೇಡಿ' ಎಂಬ ಸಾಲು ಅದರಲ್ಲೇ ಇತ್ತು. ನಾವು ಸ್ವತಂತ್ರರಾದೆವು.

ತೊದಾಯ್‌ಜಿ ಮಂದಿರಕ್ಕೆ ಅಲ್ಲಿಂದ ಹೋದೆವು. ಅಲ್ಲಿನ ಮಹಾಬುದ್ಧನ ಎತ್ತರ ಸುಮಾರು 15 ಮೀಟರ್, ಕಂಚಿನವನು, ಅದೂ ಕೂತು. ನಮ್ಮ ಗೊಮ್ಮಟ ಇವನಿಗಿಂತ ಎತ್ತರ ಎಂದು ನಾನು ಕನ್ನಡಾಭಿಮಾನದಿಂದ ಹೇಳಿದೆ. "ಅವನು ನಿಂತಿದ್ದಾನೆ, ಇವನು ಎದ್ದರೆ ಏನು ಮಾಡ್ತೀರಿ?" ಎಂದಳು. 752ರಲ್ಲಿ ಈ ಬುದ್ಧನಿಗೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದ್ದು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ದಕ್ಷಿಣ ಭಾರತದವನೆಂದು ಪ್ರತೀತಿ. ಆತನ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ಪುಣ್ಯ ಹಂಚಿಕೊಂಡರು. ಆ ದಾರವನ್ನು ಅಲ್ಲಿನ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಕಾಪಾಡಿದ್ದಾರೆ. ಮಂದಿರ ಎರಡು ಸಲ ಸುಟ್ಟಿದೆ; ಈಗಿನದು 1709ರದ್ದು. ಒಳಗೆ ಒಂದು ಕಂಬದ ಬುಡದಲ್ಲಿ ಬುದ್ಧನ ಮೂಗಿನ ಹೊಳ್ಳೆಯಷ್ಟು ಅಗಲದ ತೂತಿದೆ, ನುಸುಳಿದವರಿಗೆ ಜ್ಞಾನ ಖಚಿತ ಎಂದು ನಂಬಿಕೆ. ಇವಳು ತೂತನ್ನು ನೋಡಿ ನನ್ನ ಹೊಟ್ಟೆ ನೋಡಿದಳು. ಜ್ಞಾನದ ಮಾತು ಅಲ್ಲಿಗೇ ಬಿಟ್ಟೆವು.

ಹೊರಗಿನ ಜಗಲಿಯಲ್ಲಿ ಕೆಂಪು ಟೊಪ್ಪಿಗೆಯ ಮರದ ಮುದುಕನೊಬ್ಬ ಕೂತಿದ್ದಾನೆ. ನೋವಿರುವ ಅಂಗ ಮುಟ್ಟಿಕೊಂಡು ಅವನ ಅದೇ ಅಂಗ ಸವರಿದರೆ ವಾಸಿಯಾಗುತ್ತದಂತೆ. ಹೆಸರು ಬಿಂಜುರು, ಮೂಲ ಹೆಸರು ಪಿಂಡೋಲ ಭಾರದ್ವಾಜ. ಜನರೆದುರು ಪವಾಡ ತೋರಿಸಿ ಬುದ್ಧನಿಂದ ಬೈಸಿಕೊಂಡ ಭಿಕ್ಷು. "ಭಾರದ್ವಾಜರಾ? ನಮ್ಮ ಗೋತ್ರದೋರೇ!" ಎಂದು ಇವಳು ಸಲುಗೆಯಿಂದ ಮುಂದೆ ನುಗ್ಗಿದಳು. ಅವನ ಸೊಂಟ ಕುರ್ಚಿಗೆ ಒತ್ತಿಕೊಂಡಿತ್ತು, ನನ್ನ ಕೈ ಎಟುಕಲಿಲ್ಲ. ಬಂದ ತಪ್ಪಿಗೆ ಮೊಣಕಾಲು ಸವರಿದೆ.

ಪಟ್ಟಿ ಜಿಂಕೆಯ ಹೊಟ್ಟೆ ಸೇರಿತ್ತಾದ್ದರಿಂದ ಸಂಜೆ ಜನ ಹೋದ ಕಡೆ ಹೋದೆವು. ಗುಡ್ಡದ ಮೇಲೆ ನಿಗತ್ಸು-ದೋ, ಅಂದರೆ 'ಎರಡನೇ ತಿಂಗಳ ಮಂದಿರ'. ಮಾರ್ಚ್ 1ರಿಂದ 14ರವರೆಗೆ ಹನ್ನೊಂದು ಭಿಕ್ಷುಗಳು ಲೋಕದ ಪರವಾಗಿ ತಪ್ಪೊಪ್ಪಿಕೊಂಡು ವ್ರತ ನಡೆಸುತ್ತಾರೆ. ಒಮಿಜುತೊರಿ ಎಂದರೆ ಪವಿತ್ರ ನೀರು ಸೇದುವುದು. 12ರ ನಡುರಾತ್ರಿ ಕಳೆದ ಮೇಲೆ ಕೆಳಗಿನ ಬಾವಿಯಿಂದ ಸೇದುತ್ತಾರೆ. ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ: ಎಲ್ಲ ದೇವರಿಗೂ ಕರೆ ಹೋಯಿತು, ವಕಾಸಾ ಸೀಮೆಯ ದೇವರು ಮೀನು ಹಿಡಿಯುತ್ತ ಕೂತು ತಡವಾಗಿ ಬಂದ, ನಾಚಿಕೊಂಡು ತಪ್ಪಿಗೆ ನೀರು ಕೊಟ್ಟ. ತಡವಾಗಿ ಬಂದದ್ದಕ್ಕೆ ಸರಿಯಾದ ಕಾರಣ ಹೇಳಿದ ದೇವರು ನನಗೆ ಗೊತ್ತಿರುವ ಹಾಗೆ ಇವನೊಬ್ಬನೇ.

ಏಳು ಗಂಟೆಗೆ ದೀಪ ಆರಿಸಿದರು. ಗಂಟೆ ಮೊಳಗಿತು. ಕತ್ತಲಲ್ಲಿ ಮೆಟ್ಟಿಲ ಮೇಲೊಂದು ಬೆಂಕಿಯ ಉಂಡೆ ಏರುತ್ತ ಬಂತು. ಮೂರಾಳುದ್ದದ ಬಿದಿರಿನ ತುದಿಗೆ ಕಟ್ಟಿದ ದೇವದಾರುವಿನಂಥ ಎಲೆಗಳ ಪಂಜು. ಹೊತ್ತವನು ಮರದ ಜಗಲಿಯ ಮೂಲೆಯಲ್ಲಿ ನಿಂತು ಅದನ್ನು ಕಟಾಂಜನದಾಚೆ ಚಾಚಿ ಗಿರಗಿರನೆ ತಿರುವಿ, ಇನ್ನೊಂದು ಮೂಲೆಗೆ ಧಡಧಡ ಓಡಿದ. ಕೆಳಗಿದ್ದ ನಮ್ಮ ತಲೆಯ ಮೇಲೆ ಕಿಡಿಯ ಮಳೆ. ಓಡಬೇಡವೇ? ಯಾರೂ ಓಡಲಿಲ್ಲ, ಕಿಡಿ ಬಿದ್ದರೆ ವರ್ಷವಿಡೀ ಆರೋಗ್ಯವಂತೆ. ಮರದ ಕಟ್ಟಡದಲ್ಲಿ ಈ ಸಾಹಸ. 1667ರಲ್ಲಿ ಇದೇ ಆಚರಣೆಯ ನಡುವೆ ಇದೇ ಮಂದಿರ ಸುಟ್ಟುಹೋಗಿತ್ತು. ಎರಡು ವರ್ಷದಲ್ಲಿ ಮತ್ತೆ ಕಟ್ಟಿದರು, ಮತ್ತೆ ಬೆಂಕಿ ಹೊತ್ತು ಓಡಿದರು. 752ರಿಂದ ಒಂದು ವರ್ಷವೂ ತಪ್ಪಿಸಿಲ್ಲವಂತೆ. ಹಟವೆಂದರೆ ಇದು.

ಕೊನೆಯ ಪಂಜು ಆರಿದ್ದೇ ತಡ, ಜನರೆಲ್ಲ ನೆಲಕ್ಕೆ ಬಗ್ಗಿದರು. ಸುಟ್ಟ ಎಲೆಕಡ್ಡಿ ಮನೆಗೆ ಒಯ್ದರೆ ಒಳ್ಳೆಯದಂತೆ. ನನ್ನ ಕಾಲ ಬಳಿ ಒಂದು ಒಳ್ಳೇ ಕಡ್ಡಿ ಬಿದ್ದಿತ್ತು. ಪಕ್ಕದವನು ಕೈ ಹಾಕುವ ಮೊದಲು ನಾನು ಗಬಕ್ಕನೆ ಬಗ್ಗಿ ಹೆಕ್ಕಿದೆ. ಹೌದು, ಬಗ್ಗಿದೆ! ನಾಲ್ಕು ವರ್ಷದಲ್ಲಿ ಮೊದಲ ಸಲ. ಏಳಲು ಹೋದೆ. ಆಗಲಿಲ್ಲ. ಎದುರಿಗೆ ಊರುಗೋಲಿನ ಅಜ್ಜಿಯೊಬ್ಬರಿದ್ದರು. ಪರದೇಶಿ ತನಗೆ ನಮಸ್ಕರಿಸುತ್ತಿದ್ದಾನೆಂದು ಅವರೂ ಬಗ್ಗಿದರು. ನಾನು ಏಳಲಿಲ್ಲ. ಅವರು ಇನ್ನೂ ಬಗ್ಗಿದರು. ನಾನು ಆಗಲೂ ಏಳಲಿಲ್ಲ. ಅಜ್ಜಿಯ ಕಣ್ಣಲ್ಲಿ ನೀರು. ಕೊನೆಗೆ ಇವಳು ಬಂದು ಎರಡೂ ಭುಜ ಹಿಡಿದು ಎತ್ತಿ ನಿಲ್ಲಿಸಿದಳು.

ಹೋಗುವವರಿಗೆ ಒಂದು ಮಾತು. ಮಾರ್ಚ್ 14ರೊಳಗೆ ಹೋಗಿ, ಸಂಜೆ ಐದಕ್ಕೇ ಜಾಗ ಹಿಡಿಯಿರಿ. 12ರಂದು ವಿಪರೀತ ಜನ, ಆ ದಿನ ಬೇಡ. ನೈಲಾನ್ ಜಾಕೆಟ್ ಮಾತ್ರ ಹಾಕಬೇಡಿ. ಮಗನ ಜಾಕೆಟ್ಟಿನ ಬೆನ್ನಿಗೆ ಮೂರು ತೂತು ಬಿದ್ದಿವೆ, ಮಡಿಸಿ ಅವನ ಬೀರುವಿನ ತಳದಲ್ಲಿಟ್ಟು ಬಂದಿದ್ದೇವೆ. ಯಾರೂ ಅವನಿಗೆ ಹೇಳಬೇಡಿ.