ಚೌಕಾಸಿಗೆ ಬಗ್ಗದ ವೇಗ

ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಐನೂರು ಎಂದ ಅಂಗಿಯನ್ನು ಇನ್ನೂರಕ್ಕೆ ಇಳಿಸಿದ ರಾಯರು ಕಾರು ಹತ್ತಿದ ಮೇಲೂ ಚೌಕಾಸಿ ಬಿಡುವುದಿಲ್ಲ. "ಬೆಲ್ಟ್ ಯಾಕ್ರೀ? ಇಲ್ಲೇ ಆರ್.ಕೆ. ಪುರಂವರೆಗೆ ತಾನೇ!" ದೂರ ಕಡಿಮೆ, ಒಪ್ಪಿದೆ, ವೇಗವೂ ಕಡಿಮೆಯೇ? ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಇದರಲ್ಲಿ ರಿಯಾಯಿತಿ ಕೊಡುವ ಅಂಗಡಿ ದಿಲ್ಲಿಯಲ್ಲೂ ಇಲ್ಲ. "ಹಾಗಾದ್ರೆ ಮುಂದಿನವರು ಹಾಕ್ಕೊಳ್ಲಿ, ಹಿಂದೆ ಕೂತವರಿಗ್ಯಾಕೆ?" 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಕೂತಿದ್ದು ಹಿಂದಿನ ಸೀಟಿನಲ್ಲೇ, ಬೆಲ್ಟ್ ಇಲ್ಲದೆ, ಅದೂ ಮರ್ಸಿಡಿಸ್‌ನಲ್ಲಿ. ಕಾರು ತಟ್ಟನೆ ನಿಂತರೂ ಒಳಗಿದ್ದ ಮೈ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಅದಕ್ಕೆ ಮುಂದಿನ ಸೀಟು, ಹಿಂದಿನ ಸೀಟು ಎಂಬ ಭೇದವಿಲ್ಲ.

"ಈ ಚಲನ್ನೆಲ್ಲ ಬೊಕ್ಕಸ ತುಂಬೋ ಉಪಾಯ ಸ್ವಾಮಿ!" 2019ರ ಸೆಪ್ಟೆಂಬರ್ 1ರಿಂದ ಬೆಲ್ಟ್ ಹಾಕದವರಿಗೆ 1,000 ರೂಪಾಯಿ ದಂಡ ಬಂತು, ನಿಜ. ಮರದ ಮರೆಯಲ್ಲಿ ನಿಂತು ಹಿಡಿಯುವ ಪೊಲೀಸರ ಬಗ್ಗೆ ರಾಯರ ಸಿಟ್ಟೂ ನ್ಯಾಯವೇ. ಆದರೆ ಬೊಕ್ಕಸವನ್ನು ಉಪವಾಸ ಕೆಡವುವುದು ರಾಯರ ಕೈಯಲ್ಲೇ ಇದೆ, ಬೆಲ್ಟ್ ಹಾಕಿದರಾಯಿತು. "ರಸ್ತೆ ಸರಿಯಿಲ್ಲ, ಅದಕ್ಕೇ ಸಾವು." ಗುಂಡಿಗಳು ಕೊಲ್ಲುತ್ತವೆ, ಸರಿ, ಆದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಯ ಸಾವನ್ನು ಸಾರಿಗೆ ಸಚಿವಾಲಯ ಬರೆದುಕೊಂಡದ್ದು ಅತಿವೇಗದ ಖಾತೆಗೆ. ಗುಂಡಿ ಬಿದ್ದ ರಸ್ತೆಯಲ್ಲಂತೂ ನಿಧಾನವಾಗಿ ಹೋಗಲು ಇನ್ನೊಂದು ಕಾರಣವೇ ಸಿಕ್ಕಂತಾಯಿತಲ್ಲ! ರಾಯರ ಬಳಿ ಇದಕ್ಕೂ ಉತ್ತರವಿದೆ. "ಮೂವತ್ತು ವರ್ಷದ ಡ್ರೈವಿಂಗ್ ನನ್ನದು, ಎಲ್ಲ ಕಂಟ್ರೋಲ್‌ನಲ್ಲಿದೆ... ಒಂದ್ನಿಮಿಷ... ಹಲೋ! ಹೂಂ, ಗಾಡಿ ಓಡಿಸ್ತಾ ಇದೀನಿ, ಪರವಾಗಿಲ್ಲ, ಹೇಳಿ ಹೇಳಿ."