ಪಾಸ್ತಾಖಂಡನಂ ಅಥವಾ ಮುಳಬಾಗಿಲು ಗೊಜ್ಜಿನ ಸಿದ್ಧಾಂತ

ಮುಳಬಾಗಿಲು ವಾದಭೂಮಿ. ದ್ವೈತಿ ಅಕ್ಷೋಭ್ಯತೀರ್ಥರಿಗೂ ಅದ್ವೈತಿ ವಿದ್ಯಾರಣ್ಯರಿಗೂ ಇಲ್ಲಿ ‘ತತ್ತ್ವಮಸಿ’ಯ ಮೇಲೆ ವಾದ ನಡೆಯಿತೆಂದೂ ತೀರ್ಪಿಗಾಗಿ ಅದು ವೇದಾಂತದೇಶಿಕರ ಬಳಿಗೆ ಹೋಯಿತೆಂದೂ ಮಾಧ್ವ ಪರಂಪರೆ ಹೇಳುತ್ತದೆ. ಅಂಥ ಊರಿನ ಅಡುಗೆಮನೆಯಲ್ಲಿ ಫೆಟಾ ಚೀಸು ಹಾಕಿದ ಖಾರದ ಟೊಮೆಟೊ ಪಾಸ್ತಾ ಒಲೆ ಏರಿದ ಮೇಲೆ, ಶಾಸ್ತ್ರಾರ್ಥ ಮುಗಿಯದೆ ಬಡಿಸುವುದು ಸಲ್ಲದು.

ಇದು ಇಟಲಿಯದೆಂಬುದು ಪೂರ್ವಪಕ್ಷ. ಹಾಗೆನ್ನುವವರಿಗೆ ನೆನಪಿರಲಿ: ಟೊಮೆಟೊ ಇಟಲಿಗೂ ಅಮೆರಿಕದಿಂದ ಬಂದ ನೆಂಟ. 17ನೇ ಶತಮಾನದ ಕೊನೆಗೆ ನೇಪಲ್ಸಿನಲ್ಲಿ ಆಂಟೋನಿಯೊ ಲಾಟಿನಿ ಟೊಮೆಟೊ ಸಾಸಿನ ಪಾಕವನ್ನು ಅಚ್ಚು ಹಾಕಿಸಿದಾಗ, ಅದನ್ನು ಸ್ಪೇನಿನ ಪದ್ಧತಿಯೆಂದೇ ಕರೆದ. ಕರ್ತೃವೇ ಕೈತೊಳೆದುಕೊಂಡ ಮೇಲೆ ಹಕ್ಕು ಬೆಳೆದವರಿಗೆ, ಅಂದರೆ ನಮಗೆ. ವಡ್ಡಹಳ್ಳಿಯ ಟೊಮೆಟೊ ಮಾರುಕಟ್ಟೆಯೇ ಪ್ರತ್ಯಕ್ಷ ಪ್ರಮಾಣ. 2023ರ ಜುಲೈನಲ್ಲಿ ಕೋಲಾರದ ಕಡೆ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಟೊಮೆಟೊ ನಮ್ಮ ಸಾರಿನಲ್ಲಿ ನಿರಾಕಾರವಾಗಿತ್ತು. ಬೆಲೆ ಬಿದ್ದು ರೈತರು ರಸ್ತೆಬದಿಗೆ ಸುರಿದಾಗ ಅದೇ ಸರ್ವಾಂತರ್ಯಾಮಿ.

ಇನ್ನು ಫೆಟಾ. 2002ರ ಯುರೋಪಿನ ನಿಯಮದಂತೆ ಅದು ಗ್ರೀಸಿನದೇ ಆಗಿರಬೇಕು, ಹಾಲಿನಲ್ಲಿ ಶೇ. 70ಕ್ಕೆ ಕಡಿಮೆಯಿಲ್ಲದಂತೆ ಕುರಿಯದಾಗಿರಬೇಕು. ನಮ್ಮ ಕುರಿಗಳು ಈ ಗೆಜೆಟ್ ಓದಿಲ್ಲ. ಆದ್ದರಿಂದ ಆಪದ್ಧರ್ಮವಾಗಿ ಪನೀರು: ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಸಿದ ನೀರಿಗೆ ಧಾರಾಳವಾಗಿ ಉಪ್ಪು ಬೆರೆಸಿ, ತುಂಡುಗಳನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಅದರಲ್ಲೇ ಮುಳುಗಿಸಿಡಿ. ಉಪ್ಪು, ಹುಳಿ ಎರಡೂ ಹತ್ತುತ್ತವೆ. ಫೆಟಾ ಆಗುವುದಿಲ್ಲ; ಅದರ ವೇಷ ಹಾಕುತ್ತದೆ. ನಿಜವಾದ ಫೆಟಾ ಸಿಕ್ಕಿದರೆ ಸಾಸಿಗೆ ಉಪ್ಪು ಹಾಕುವ ಮೊದಲು ರುಚಿ ನೋಡಿ.

ಪ್ರಯೋಗಭಾಗ: ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗುವಷ್ಟರಲ್ಲಿ ಗುಂಟೂರು ಮೆಣಸಿನಕಾಯಿ ಮುರಿದು ಹಾಕಿ. ಬ್ಯಾಡಗಿಯದು ಬಣ್ಣಕ್ಕೆ ಸರಿ, ವಾದಕ್ಕೆ ಸಾಲದು. ಹೆಚ್ಚಿದ ಟೊಮೆಟೊ ಬೆಂದು, ಸಿಪ್ಪೆ ಸುರುಳಿ ಸುತ್ತಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಅವಸರ ಬೇಡ. ಪಾಸ್ತಾ ಬೇಯಿಸಿದ ನೀರನ್ನು ಚೆಲ್ಲಿದರೆ ಮಹಾಪಾತಕ. ಅದರ ಗಂಜಿಯಿಂದಲೇ ಸಾಸು ಪಾಸ್ತಾಕ್ಕೆ ಅಂಟುವುದು, ಪಾಸ್ತಾದ ಜೊತೆಗೆ ಸಾಸಿಗೆ ಅದನ್ನೂ ಒಂದು ಸೌಟಾದರೂ ಹಾಕಿ. ಒಲೆ ಆರಿಸಿದ ಮೇಲೆ ಫೆಟಾವನ್ನೋ ಅದರ ವೇಷದ ಪನೀರನ್ನೋ ಪುಡಿಮಾಡಿ ಉದುರಿಸಿ.

ಅಜ್ಜಿ ಒಂದು ತುತ್ತು ತಿಂದು ಭಾಷ್ಯ ಬರೆದರು: “ಟೊಮೆಟೊ ಗೊಜ್ಜೇ ಕಣಪ್ಪಾ. ಶ್ಯಾವಿಗೆ ಯಾಕೋ ದಪ್ಪ ಒತ್ತಿದ್ದೀಯ.”

ವೇದಾಂತದೇಶಿಕರಿಗೆ ಕಳಿಸುವ ಅಗತ್ಯ ಬೀಳಲಿಲ್ಲ. ಉಳಿದ ಸಾಸನ್ನು ಮಾರನೇ ಬೆಳಿಗ್ಗೆ ಮುಳಬಾಗಿಲು ದೋಸೆಗೆ ಹಚ್ಚಿಕೊಳ್ಳತಕ್ಕದ್ದು, ಇದಕ್ಕೆ ಪೂರ್ವಪಕ್ಷವಿಲ್ಲ.