ಲಾಯಿಲದ ಅಗಲೀಕರಣ: ಒಂದು ಶಾಸ್ತ್ರೀಯ ಅಧ್ಯಯನ

ಹೆದ್ದಾರಿ ಅಗಲ ಮಾಡುವುದನ್ನು ಕಲಿಯಲು ಜರ್ಮನಿಗೆ ಹೋಗುವವರು ಸುಮ್ಮನೆ ದುಡ್ಡು ಹಾಳು ಮಾಡುತ್ತಾರೆ. ಬೆಳ್ತಂಗಡಿಯಲ್ಲಿ ಉಜಿರೆ ಕಡೆಯ ಬಸ್ಸು ಹತ್ತಿ ಲಾಯಿಲದಲ್ಲಿ ಇಳಿದರೆ ಸಾಕು. ಬ್ಲಾಕ್ ಆದ ದಿನ ನಡೆದೇ ಬಸ್ಸಿಗಿಂತ ಮೊದಲು ಮುಟ್ಟಬಹುದಾದ್ದರಿಂದ ಟಿಕೆಟಿನ ಖರ್ಚೂ ಇಲ್ಲ.

ಈ ರಸ್ತೆಯ ಸಂಖ್ಯೆ ಮೊದಲು 234 ಇತ್ತು, 2010ರಲ್ಲಿ 73 ಎಂದಾಯಿತು. ಇದರ ಮಹತ್ವ ಜನರಿಗೆ ಹೊಳೆದಿಲ್ಲ. ಒಂದು ಗುಂಡಿ ಮುಚ್ಚದೆ, ಒಂದು ಚಟ್ಟಿ ಡಾಂಬರು ಸುರಿಯದೆ, ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ತುಮಕೂರಿನವರೆಗೆ ಒಂದೇ ಏಟಿಗೆ ಪೂರ್ಣಗೊಂಡ ಕಾಮಗಾರಿ ಅದೊಂದೇ.

ಉಳಿದದ್ದು ಪುಂಜಾಲಕಟ್ಟೆ–ಚಾರ್ಮಾಡಿ ನಡುವಿನ ಸುಮಾರು 33 ಕಿ.ಮೀ. ಅಗಲೀಕರಣ. ದ್ವಿಪಥದ ಲೆಕ್ಕ ಪುಸ್ತಕದಲ್ಲಿ ಸ್ಪಷ್ಟವಾಗಿದೆ: ಗಾಡಿ ಓಡಲು 7 ಮೀಟರ್, ಎರಡೂ ಬದಿ ಒಂದೂವರೆ ಮೀಟರಿನ ಡಾಂಬರು ಅಂಚು. ಅಂಚು ಕೆಟ್ಟು ನಿಂತ ವಾಹನಗಳಿಗಂತೆ. ಎಳನೀರಿನ ಗಾಡಿ, ಹಲಸಿನ ಹಣ್ಣಿನ ರಾಶಿ, ಮೆಲುಕು ಹಾಕುವ ದನ ಇವಕ್ಕೆ ಎಷ್ಟೆಷ್ಟು ಮೀಟರ್ ಎಂಬುದನ್ನು ಪುಸ್ತಕ ಬರೆದವರು ಮರೆತಿದ್ದಾರೆ.

ಜಾಗದ ವಿಚಾರ ಸರಳ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ 3ಎ ಪ್ರಕಾರ ಅಧಿಸೂಚನೆ ಬರುತ್ತದೆ, ಆಕ್ಷೇಪಣೆಗೆ 21 ದಿನ. 3ಡಿ ಬಂದರೆ ಜಾಗ ಕೇಂದ್ರ ಸರಕಾರದ್ದು. ಪರಿಹಾರ ನಿಗದಿಯಾಗುವುದು 3ಜಿಯಲ್ಲಿ. ಡಿಗೂ ಜಿಗೂ ನಡುವೆ ಎರಡೇ ಅಕ್ಷರ. ಅಷ್ಟರಲ್ಲಿ ಮಗಳ ಮದುವೆಯಾಗಿ ಬಾಣಂತನವೂ ಮುಗಿದಿರುತ್ತದೆ.

ಇನ್ನು ಕಾಲನಿರ್ಣಯ. ಇಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಮೇ ತಿಂಗಳ ಕೊನೆಗೆ ಪತ್ತನಾಜೆ ಬರುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಹಿಟಾಚಿ ಗೆಜ್ಜೆ ಕಟ್ಟುತ್ತದೆ. ಮಳೆಗಾಲದಲ್ಲಿ ಯಾರಾದರೂ ರಸ್ತೆ ಅಗೆಯುತ್ತಾರಾ ಎಂದು ಕೇಳುವವರಿಗೆ ಅರ್ಥಶಾಸ್ತ್ರ ಗೊತ್ತಿಲ್ಲ. ಬೇಸಗೆಯಲ್ಲಿ ಅಗೆದರೆ ಧೂಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯಬೇಕು. ಜೂನ್ ನಂತರ ಅದು ಧರ್ಮಕ್ಕೆ ಸಿಗುತ್ತದೆ. ಚರಂಡಿ ಎಲ್ಲಿ ಬೇಕಿತ್ತು ಎನ್ನುವುದಕ್ಕೂ ಸರ್ವೇಯವರು ಬೇಡ. ನೀರೇ ಒಂದು ಅಂಗಡಿಯ ಎದುರಿನಿಂದ ಹೊಕ್ಕು ಹಿಂಬಾಗಿಲಿನಿಂದ ಹೊರಟು ಕರಾರುವಾಕ್ಕಾಗಿ ತೋರಿಸುತ್ತದೆ.

ಗುಡ್ಡ ತಗ್ಗಿಸಿದಲ್ಲಿ ಇನ್ನೊಂದು ಲಾಭ. ನಿನ್ನೆಯವರೆಗೆ ರಸ್ತೆ ಬದಿಯ ಮನೆಯಾಗಿದ್ದದ್ದು ಇವತ್ತು ಧರೆಯ ಮೇಲೆ, ಮೊದಲ ಮಹಡಿಯ ಎತ್ತರದಲ್ಲಿ. ಪಂಚಾಯತ್ ಪರವಾನಿಗೆ ಇಲ್ಲದೆ, ಒಂದು ಮೂಟೆ ಸಿಮೆಂಟಿಲ್ಲದೆ ಮಹಡಿ ಏರಿಸಿ ಕೊಟ್ಟರೂ ಮನೆಯವರು ಏಣಿ ಹಿಡಿದುಕೊಂಡು ಸಿಟ್ಟು ಮಾಡುತ್ತಾರೆ. ಉಪಕಾರಸ್ಮರಣೆ ಕಡಿಮೆಯಾಗಿದೆ.

ಕ್ಷೇತ್ರಾಧ್ಯಯನದ ನಡುವೆ, ಪ್ಯಾಂಟು ಮೊಣಕಾಲಿಗೆ ಮಡಚಿದ್ದ ಹಿರಿಯರೊಬ್ಬರು ನನ್ನ ಕೈಯ ಪುಸ್ತಕ ನೋಡಿ ಕೇಳಿದರು: “ಎಂತ ಮಾರ್ರೆ, ನೀವು ಇಂಜಿನಿಯರಾ?”

“ಅಲ್ಲ, ತಜ್ಞ.”

“ಹಾಗಾದ್ರೆ ಈ ಹೊಂಡ ಯಾವಾಗ ಮುಚ್ಚುವುದು?”

ನನ್ನದು ಸಿದ್ಧಾಂತ ವಿಭಾಗ ಎಂದೆ. ಅವರು ತುಳುವಿನಲ್ಲಿ ಏನೋ ಹೇಳಿದರು. ಅದನ್ನು ದತ್ತಾಂಶದಲ್ಲಿ ಸೇರಿಸಿಲ್ಲ.

ಗಡುವಿನ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪ್ರತಿ ಸಭೆಯಲ್ಲೂ ಹೊಸ ತಾರೀಕು ಹುಟ್ಟುತ್ತದೆ. ನಮ್ಮ ಕಡೆ ಮಾತು ಗಟ್ಟಿಯಾಗಬೇಕಾದರೆ ಧರ್ಮಸ್ಥಳಕ್ಕೆ ಹೋಗಿ ಪ್ರಮಾಣ ಮಾಡುವ ಕ್ರಮ ಉಂಟು. ತಾರೀಕು ಹೇಳುವವರನ್ನೂ ನಂಬದವರನ್ನೂ ಒಂದೇ ಜೀಪಿನಲ್ಲಿ ಕೂರಿಸಿ ಕಳುಹಿಸಬೇಕೆಂದು ನಾನೇ ಸಲಹೆ ಕೊಟ್ಟೆ. ಬೆಳಿಗ್ಗೆ ಏಳಕ್ಕೆ ಲಾಯಿಲದಿಂದ ಹೊರಟಿದ್ದಾರೆ. ಕಾಶಿಬೆಟ್ಟು ಮುಟ್ಟಿದೆವು, ಊಟಕ್ಕೆ ಕಾಯಬೇಡಿ ಎಂದು ಮಧ್ಯಾಹ್ನ ಫೋನ್ ಬಂತು.